ಎಡಗೈ ಜೋರಾಯಿತಂತೆ

ನನ್ನ ಹೊಟ್ಟೆಯಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳಿವೆ. ಅವನ್ನೆಲ್ಲ ಎಳೆದು ಬಿಗಿದ ದಿನವೇ ನಾನು ಹುಟ್ಟಿದೆ ಎಂದುಕೊಂಡಿದ್ದೇನೆ. ಅದಕ್ಕೂ ಮೊದಲು ಕಲಕತ್ತೆಯ ಒಂದು ಕಾರ್ಖಾನೆಯ ಬೇರೆ ಬೇರೆ ಮೂಲೆಗಳಲ್ಲಿ ತೇಗದ ಹಲಗೆಯಾಗಿ, ಕಬ್ಬಿಣದ ಚೌಕಟ್ಟಾಗಿ, ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆಗಳಾಗಿ ಬಿದ್ದಿದ್ದೆ. ಒಬ್ಬ ಮುದುಕ ಮೇಸ್ತ್ರಿ ನನ್ನ ಒಂದು ಬಿಳಿಪಟ್ಟಿಯನ್ನು ಬೆರಳಿನಿಂದ ಒತ್ತಿದ. ಒಳಗೆ ಏನೋ ಎದ್ದು ಹೋಗಿ ಏನನ್ನೋ ಹೊಡೆಯಿತು. ಸದ್ದು ಬಂತು. ಆ ಸದ್ದು ಅವನದೋ ನನ್ನದೋ ತಿಳಿಯಲಿಲ್ಲ. ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ನಾನೊಂದು ಪಿಯಾನೊ. ಗೋಡೆಗೆ ಬೆನ್ನು ಹಚ್ಚಿ ನಿಲ್ಲುವ ಜಾತಿಯವನು.

ಮೊದಲು ಬಂದದ್ದು ಹುಬ್ಬಳ್ಳಿಗೆ, ರೈಲ್ವೆ ಅಧಿಕಾರಿಗಳ ಕ್ಲಬ್ಬಿಗೆ. ಅಲ್ಲಿ ಶನಿವಾರದ ಸಂಜೆ ಕುಣಿತವಿರುತ್ತಿತ್ತು. ನನಗೆ ಕಾಣುತ್ತಿದ್ದುದು ಮೊಣಕಾಲು, ಬೂಟು, ರೇಷ್ಮೆಯ ಅಂಚು ಇಷ್ಟೇ. ಒಂದು ವರ್ಷ ಆ ಬೂಟುಗಳೆಲ್ಲ ಹಡಗು ಹತ್ತಿ ಹೋದವು. ಆಮೇಲೆ ಬಂದವರು ನನ್ನ ತಲೆಯ ಮೇಲೆ ಚಹಾದ ತಟ್ಟೆ ಇಟ್ಟರು. ನಾನು ಮೇಜೋ ಪಿಯಾನೊವೋ ಎಂದು ನನಗೇ ಅನುಮಾನ ಬರುವಷ್ಟು ಕಾಲ ಹಾಗೇ ಕಳೆಯಿತು.

ಅಲ್ಲಿಂದ ಗದಗಿನ ಮಿಶನ್ ಹೆಣ್ಣುಮಕ್ಕಳ ಶಾಲೆಗೆ ಹೋದೆ. ಅಲ್ಲಿ ಸಂಗೀತ ಕಲಿಸುತ್ತಿದ್ದವರು ಸಲೋಮಿ ಬಾಯಾರು. ಸಣ್ಣ ಆಳು, ದೊಡ್ಡ ದನಿ. ಹುಡುಗಿಯರು ತಾಳ ತಪ್ಪಿದರೆ ನೆಲಕ್ಕೆ ಚಪ್ಪಲಿ ಬಡಿಯುತ್ತಿದ್ದರು. ನನಗೆ ಅವರ ಬೆರಳಿಗಿಂತ ಮೊದಲು ಪರಿಚಯವಾದದ್ದು ಆ ಚಪ್ಪಲಿಯೇ. ಅವರು ನಿವೃತ್ತರಾಗುವ ಹೊತ್ತಿಗೆ ಶಾಲೆಗೆ ಕರೆಂಟಿನ ಕೀಬೋರ್ಡು ಬಂದಿತ್ತು. "ಈ ಮುದುಕನ್ನ ನೀವೇ ಒಯ್ರಿ ಬಾಯಾರ" ಎಂದರು ಶಾಲೆಯವರು. ಹೀಗೆ ನಾನು ಧಾರವಾಡದ ಅವರ ಮನೆಯ ಪಡಸಾಲೆಗೆ ಬಂದು ನಿಂತೆ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ರೂತ್, ಸಲೋಮಿ ಬಾಯಾರ ಅಣ್ಣನ ಮಗಳು. ಊರಾಚೆಯ ಒಂದು ಪ್ರಯೋಗಾಲಯದಲ್ಲಿ ಬೀಜ ಪರೀಕ್ಷೆ ಮಾಡುವ ಕೆಲಸ ಅವಳದು. ಪಿಯಾನೊ ಕಲಿತದ್ದು ಅತ್ತೆಯ ಹತ್ತಿರವೇ. ಕೆಲಸದಿಂದ ಬಂದು ಕೈಕಾಲು ತೊಳೆದು ಅವಳು ಟೀವಿಯ ಮುಂದೆ ಕೂತು ಒಂದು ವಿಡಿಯೊ ಆಟ ಆಡುತ್ತಿದ್ದಳು. ಆ ಆಟದಲ್ಲಿ ಒಬ್ಬ ಅಂಚೆಯವಳು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಟಪಾಲು ಮುಟ್ಟಿಸುತ್ತಾಳೆ. ದಣಿದಾಗ ಒಂದು ಖಾಲಿ ದ್ವೀಪದ ಕಟ್ಟೆಯ ಮೇಲೆ ಕೂರುತ್ತಾಳೆ. ಆಗ ಒಂದು ರಾಗ ಶುರುವಾಗುತ್ತದೆ. ಆಡುವವರು ಗುಂಡಿ ಒತ್ತಿ ಅವಳನ್ನು ಎಬ್ಬಿಸುವವರೆಗೂ ಅದು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ.

ಸಲೋಮಿ ಬಾಯಾರಿಗೆ ಆಟ ಬೇಕಿರಲಿಲ್ಲ. ಆ ರಾಗ ಮಾತ್ರ ಬೇಕಿತ್ತು. ಸೊಪ್ಪು ಸೋಸುವುದನ್ನು ನಿಲ್ಲಿಸಿ, "ಆಕೀನ್ನ ಇನ್ನೊಂದಿಷ್ಟು ಕುಂಡ್ರಸವ್ವಾ, ಭಾಳ ದಣದಾಳ" ಎನ್ನುತ್ತಿದ್ದರು. ರೂತ್ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅತ್ತೆಯ ಪಕ್ಕ ಕೂತು ಸೊಪ್ಪು ಸೋಸುತ್ತಿದ್ದಳು.

ನನಗೆ ಆ ರಾಗ ಅರ್ಥವಾಗಲಿಲ್ಲ. ಕ್ಲಬ್ಬಿನ ಹಾಡು ಚಪ್ಪಾಳೆಯಲ್ಲಿ ಮುಗಿಯುತ್ತಿತ್ತು, ಶಾಲೆಯ ಹಾಡು ಆಮೆನ್ನಿನಲ್ಲಿ. ಮುಗಿಯದ ಹಾಡನ್ನು ನಾನು ಕಂಡಿರಲಿಲ್ಲ.

ಆಮೇಲೆ ಸಲೋಮಿ ಬಾಯಾರ ಕಿವಿ ಸೋಲುತ್ತಾ ಬಂತು. ಮೊದಲು ಸಣ್ಣ ಸ್ವರಗಳು ಹೋದವು. ಬಳಿಕ ಬಾಗಿಲ ಗಂಟೆ, ಕುಕ್ಕರಿನ ಸೀಟಿ. ಕಿವಿಗೆ ಹಾಕುವ ಮಶೀನಿನಲ್ಲಿ ಎಲ್ಲ ಗರಗರ ಎನ್ನುತ್ತದೆಂದು ಅದನ್ನು ತೆಗೆದಿಟ್ಟರು. ಟೀವಿಯ ರಾಗ ಅವರಿಗೆ ಪೂರ್ತಿ ನಿಂತುಹೋಯಿತು. ಒಂದು ದಿನ ರೂತ್ ನನ್ನನ್ನು ನುಡಿಸುವಾಗ ಅವರು ಹಾದುಹೋಗುತ್ತಾ ನನ್ನ ಪಕ್ಕೆಯ ಹಲಗೆ ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು.

"ಇಲ್ಲಿ ಬರ್ತದವ್ವಾ, ಕೈಯಾಗ ಬರ್ತದ!" ಎಂದರು.

ಅವತ್ತೇ ರೂತ್ ಆ ಅಂಚೆಯವಳ ರಾಗವನ್ನು ನನ್ನ ಮೇಲೆ ಇಳಿಸಲು ಶುರು ಮಾಡಿದಳು. ಆಟದಲ್ಲಿ ಅದಕ್ಕೆ ಕೊಳಲು, ಪಿಟೀಲು, ಗಂಟೆ ಎಲ್ಲ ಇದ್ದವು. ಇಲ್ಲಿ ಇದ್ದುದು ಎರಡು ಕೈ, ಒಬ್ಬ ಮುದುಕ. ರಾಗವನ್ನು ಬಲಗೈಗೆ ಕೊಟ್ಟಳು. ಎಡಗೈಗೆ ಮಂದ್ರದ ದಪ್ಪ ಸ್ವರಗಳನ್ನು, ಅಲೆ ಏರಿ ಇಳಿದ ಹಾಗೆ. ಅತ್ತೆಯ ಕೈಗೆ ಮುಟ್ಟುತ್ತಿದ್ದುದು ಅವೇ.

ಆದರೆ ತಾನು ಮಾಡಿದ್ದು ಸರಿಯಿದೆಯೋ ಇಲ್ಲವೋ ಎಂಬ ಅಳುಕು ಅವಳಿಗೆ. ಫೋನಿನಲ್ಲಿ ಒಂದು ಗುಂಪಿತ್ತು. ಆಟದ ಸಂಗೀತವನ್ನು ಪಿಯಾನೊಗೆ ಹೊಂದಿಸುವವರು ಅಲ್ಲಿ ತಮ್ಮದನ್ನು ಹಾಕುವುದು, ಉಳಿದವರು ಕೇಳಿ ತಿದ್ದುವುದು. ರೂತ್ ಫೋನನ್ನು ನನ್ನ ತಲೆಯ ಮೇಲಿಟ್ಟು ನುಡಿಸಿ, ರೆಕಾರ್ಡು ಮಾಡಿ ಕಳಿಸಿದಳು. ಮರುದಿನ ಉತ್ತರಗಳನ್ನು ಗಟ್ಟಿಯಾಗಿ ಓದಿಕೊಂಡಳು.

"ಎಡಗೈ ಭಾಳ ಜೋರಾತಂತ. ಪೋಲೆಂಡಿನ ಆ ಅಕ್ಕನೂ ಅದನ್ನ ಅಂತಾಳ. ವಿಜಯಪುರದ ಇಮ್ತಿಯಾಜ್ ಅವ್ರೂ ಅದನ್ನ ಅಂತಾರ. ಕೊನೀಗೆ ಚರ್ಚಿನ್ಯಾಗ ಬಾರಿಸಿದಂಗ ದೊಡ್ಡದಾಗಿ ಮುಗಸಬ್ಯಾಡ್ರೀ ಅಂತಾರ."

ನಾನು ಬೆಚ್ಚಿದೆ. ಎಡಗೈ ಜೋರಾಗಿರಲಿಲ್ಲ. ಹೊಡೆಸಿಕೊಂಡವನು ನಾನು, ನನಗೆ ಗೊತ್ತು. ಆದರೆ ಇಷ್ಟು ಜನ ಹೇಳಿದ ಮೇಲೆ? ವಯಸ್ಸಾಗಿ ನನ್ನ ತಂತಿಗಳೇ ಒರಟಾದವೇನೋ, ತಪ್ಪು ನನ್ನದೇ ಏನೋ ಎಂದು ಗೊಂದಲಕ್ಕೆ ಬಿದ್ದೆ.

ರೂತ್ ಎಡಗೈಯನ್ನು ಇಳಿಸಿದಳು. ಮತ್ತೆ ಕಳಿಸಿದಳು. ಇನ್ನೂ ಜೋರು ಎಂದರು. ಎರಡು ಸ್ವರ ಇದ್ದಲ್ಲಿ ಒಂದೇ ಇಟ್ಟಳು. ಒಬ್ಬ ಒಳ್ಳೆಯದಾಯಿತು ಎಂದ, ಇನ್ನೊಬ್ಬ ಬಡವಾಯಿತು ಎಂದ. ಎರಡನೆಯ ಸುತ್ತಿನಲ್ಲಿ ರಾಗವನ್ನು ಎತ್ತರಕ್ಕೆ ಒಯ್ಯಿರಿ ಎಂದು ಒಬ್ಬರು ಹೇಳಿದರು. ಒಯ್ದಳು. ಅದು ಮಾತ್ರ ಚೆನ್ನಾಗಿತ್ತು, ನಾನೂ ಒಪ್ಪುತ್ತೇನೆ. ಕೊನೆಯನ್ನು ಒಮ್ಮೆ ಸಣ್ಣದು ಮಾಡಿದಳು, ಒಮ್ಮೆ ಉದ್ದ ಮಾಡಿದಳು. ಸೋಮವಾರ ಒಂದು ರಾಗವಾಗಿದ್ದು ಶುಕ್ರವಾರ ಇನ್ನೊಂದಾಗುತ್ತಿತ್ತು. ಬೆರಳು ಬೀಳುವ ಮೊದಲೇ ನಾನು ಹಳೆಯದಕ್ಕೆ ಸಿದ್ಧನಾಗಿ ನಿಂತಿರುತ್ತಿದ್ದೆ, ಹೊಸದು ಬಂದು ಬೀಳುತ್ತಿತ್ತು.

ಕೊನೆಗೆ ಗುಂಪಿನವರೆಲ್ಲ ಮೆಚ್ಚಿದ ಒಂದು ರೂಪ ಬಂತು. ಎಡಗೈ ಅದರಲ್ಲಿ ಇದ್ದೂ ಇಲ್ಲದ ಹಾಗಿತ್ತು. ರೂತ್ ಖುಷಿಯಿಂದ ಅತ್ತೆಯನ್ನು ಕರೆದು ತಂದು ಅವರ ಕೈಯನ್ನು ನನ್ನ ಪಕ್ಕೆಯ ಮೇಲಿಟ್ಟಳು. ಎಲ್ಲೂ ತಪ್ಪದೆ ನುಡಿಸಿದಳು.

ಸಲೋಮಿ ಬಾಯಾರು ಕಾದರು. ಕೈ ಎತ್ತಿ ಇನ್ನೊಂದು ಕಡೆ ಇಟ್ಟು ನೋಡಿದರು.

"ಶುರು ಮಾಡವ್ವಾ" ಎಂದರು.

ರೂತ್ ಮುಚ್ಚಳ ಹಾಕಿ ಎದ್ದು ಹೋದಳು. ನನಗೆ ಕೂಗಬೇಕೆನಿಸಿತು. ಆದರೆ ಯಾರಾದರೂ ಮುಟ್ಟದೆ ನಾನು ಕೂಗಲಾರೆ.

ಬಹಳ ದಿನ ಮುಚ್ಚಳ ತೆರೆಯಲಿಲ್ಲ. ಬಿಸಿಲು ನನ್ನ ಮೇಲಿಂದ ಹಾದು ಗೋಡೆಗೆ ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಗುಂಪಿನವರು ಕೇಳಿದ್ದು ಯಾವ ಎಡಗೈ? ಬಾಯಾರ ಕೈಗೆ ಸಿಗದೆ ಹೋದದ್ದು ಯಾವುದು? ಎರಡೂ ನನ್ನೊಳಗಿಂದಲೇ ಹೊರಟವು ತಾನೆ?

ಒಂದು ಭಾನುವಾರ ಮಧ್ಯಾಹ್ನ ಇಮ್ತಿಯಾಜ್ ಬಂದ. ವಿಜಯಪುರದಲ್ಲಿ ಅವನದು ಮದುವೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ಬಾರಿಸುವ ಕೆಲಸ. ಧಾರವಾಡದ ಒಂದು ಆರತಕ್ಷತೆಗೆ ಬಂದವನು, ರೂತ್ ಗುಂಪಿನಲ್ಲಿ ಮಾತು ನಿಲ್ಲಿಸಿದ್ದರಿಂದ ವಿಳಾಸ ಕೇಳಿ ಹುಡುಕಿಕೊಂಡು ಬಂದಿದ್ದ. ಹೊಳೆಯುವ ಕೋಟು ತೋಳಿನ ಮೇಲಿತ್ತು.

"ನಮ್ಮ ಮಾತಿಗೆ ಬ್ಯಾಸರಾತೇನ್ರೀ ಮೇಡಂ?" ಎಂದ.

"ನಿಮ್ದೇನಿಲ್ರೀ. ಈಗ ಅದು ನಂಗ ಸೇರವಲ್ದು."

"ಒಮ್ಮೆ ಬಾರಿಸ್ರಲಾ. ಮೊದಲಿಂದು. ನಾವು ಬೈದಿದ್ದು."

ರೂತ್ ಒಲ್ಲದ ಮನಸ್ಸಿನಿಂದ ಕೂತಳು. ಅಭ್ಯಾಸಬಲದಿಂದ ಫೋನನ್ನು ನನ್ನ ತಲೆಯ ಮೇಲಿಟ್ಟು, ರೆಕಾರ್ಡು ಒತ್ತಿ ಶುರು ಮಾಡಿದಳು. ಇಮ್ತಿಯಾಜ್ ಬಾಗಿಲ ಹತ್ತಿರ ನಿಂತು ಕೇಳಿದ. ಅರ್ಧಕ್ಕೇ ಅವನ ಮುಖ ಬದಲಾಯಿತು. ಮುಗಿದ ಕೂಡಲೇ ಹತ್ತಿರ ಬಂದು ಫೋನು ಎತ್ತಿಕೊಂಡ.

"ಇದನ್ನ ಯಾವಾಗ್ಲೂ ಇಲ್ಲೇ ಇಡ್ತಿದ್ರೇನ್ರೀ?"

"ಹೂನ್ರೀ. ಮತ್ತೆಲ್ಲಿ ಇಡೂದು?"

ಅವನು ಆಗತಾನೇ ರೆಕಾರ್ಡಾದದ್ದನ್ನು ಹಾಕಿದ. ಗುಮ್ ಗುಮ್ ಎಂದು ಏನೋ ಮೊರೆಯಿತು. ಅದರ ಹಿಂದೆ ಎಲ್ಲೋ ರಾಗ. ಅದು ನಾನೆಂದು ನನಗೇ ಗುರುತು ಸಿಗಲಿಲ್ಲ.

"ಇದು ನಿಮ್ಮ ಎಡಗೈ ಅಲ್ರೀ. ಈ ಕಟಗಿ ನಡುಗೂದು. ಫೋನಿಗೆ ಅದಷ್ಟ ಹತ್ತೇತಿ" ಎಂದು ಇಮ್ತಿಯಾಜ್ ಹಣೆ ಒತ್ತಿಕೊಂಡ. "ಯಾ ಅಲ್ಲಾ, ನಾವೆಲ್ಲಾ ಸೇರಿ ಫೋನಿಗೆ ಬುದ್ಧಿ ಹೇಳೀವಿ. ಇಲ್ಲಿ ನಿಂತು ಕೇಳಿದ್ರ ಎಷ್ಟು ಚಂದ ಐತಿ!"

ರೂತ್ ಮೊದಲು ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು. ಆಮೇಲೆ ಅತ್ತೆಯ ವಿಷಯ ಹೇಳಿದಳು. ಇಮ್ತಿಯಾಜ್ ಕೋಟನ್ನು ಕುರ್ಚಿಗೆ ಹಾಕಿ, "ಹಂಗಾದ್ರ ಎಡಗೈ ಪೂರ್ತಿ ವಾಪಸ್ ತರ್ರಿ. ಆ ಎತ್ತರದ್ದಷ್ಟು ಬಿಡಬ್ಯಾಡ್ರಿ, ಅದು ಛಲೋ ಐತಿ. ಕೊನೀದು ಮಾತ್ರ ನಂಗೂ ತಿಳೀವಲ್ದು" ಎಂದ.

ಆ ಮಧ್ಯಾಹ್ನ ಇಬ್ಬರೂ ನನ್ನ ಮುಂದೆ ಕೂತು ಸ್ವರ ಸ್ವರವಾಗಿ ಮತ್ತೆ ಕೂಡಿಸಿದರು. ಸಲೋಮಿ ಬಾಯಾರು ಚಹಾ ತಂದರು. ತಟ್ಟೆಯನ್ನು ನನ್ನ ಮೇಲಿಡಲು ಹೋದ ಇಮ್ತಿಯಾಜನ ಕೈಯನ್ನು ಚಟ್ಟನೆ ಬಡಿದರು.

ಫೋನನ್ನು ದೂರದ ಕುರ್ಚಿಯ ಮೇಲಿಟ್ಟು ರೆಕಾರ್ಡು ಮಾಡಿ ಕಳಿಸಿದರು. ಗುಂಪಿಗಾಗಿ ಒಂದು ಕೊನೆ ಬೇಕಿತ್ತಲ್ಲ, ಅಂಚೆಯವಳು ಎದ್ದು ದೋಣಿಯ ಕಡೆ ನಡೆದ ಹಾಗೆ ರಾಗ ಅರ್ಧ ಸಾಲಿನಲ್ಲಿ ನಿಲ್ಲುವಂತೆ ಮಾಡಿದ್ದರು. ಉತ್ತರಗಳು ಬಂದವು. ಒಬ್ಬ ಈಗ ಎಡಗೈ ಸಾಲದು ಎಂದಿದ್ದ. ಪೋಲೆಂಡಿನವಳು ಕೊನೆ ಕೇಳಿ ಅಳು ಬಂತು ಎಂದಿದ್ದಳು. ಮೂರನೆಯವನಿಗೆ ಫೈಲು ಅರ್ಧಕ್ಕೇ ತುಂಡಾದಂತೆ ಕಂಡಿತ್ತು. ರೂತ್ ಎಲ್ಲರಿಗೂ ಧನ್ಯವಾದ ಬರೆದಳು. ಒಂದು ಸ್ವರವನ್ನೂ ಬದಲಿಸಲಿಲ್ಲ.

ಈಗ ನನಗೆ ನಿಜವಾಗಿಯೂ ವಯಸ್ಸಾಗಿದೆ. ಉಣ್ಣೆಯನ್ನು ನುಸಿ ತಿಂದಿದೆ. ಶ್ರುತಿ ಮಾಡುವವನು ಬಂದಾಗಲೆಲ್ಲ ತಂತಿ ಹೆಚ್ಚು ಎಳೆದರೆ ಹರಿದೀತು ಎಂದು ಅಳುಕುತ್ತಾ ತಿರುಗಿಸುತ್ತಾನೆ. ಇಷ್ಟು ಜನರ ಬೆರಳು ಕಂಡರೂ ನನ್ನ ದನಿ ನಿಜವಾಗಿ ಎಂಥದೆಂದು ನನಗೆ ಗೊತ್ತಿಲ್ಲ. ಫೋನಿಗೆ ಒಂದು ಬಗೆ, ಬಾಗಿಲಲ್ಲಿ ನಿಂತವನಿಗೆ ಒಂದು ಬಗೆ, ಹಲಗೆ ಹಿಡಿದ ಕೈಗೆ ಇನ್ನೊಂದು ಬಗೆ. ಮೂವರಲ್ಲಿ ಯಾರನ್ನು ನಂಬಲಿ?

ನಿನ್ನೆ ಸಂಜೆ ರೂತ್ ಕೆಲಸದಿಂದ ಬಂದು ಕೂತಳು. ಸಲೋಮಿ ಬಾಯಾರು ಕುರ್ಚಿ ಎಳೆದುಕೊಂಡು ಬಂದು ಎರಡೂ ಅಂಗೈಗಳನ್ನು ನನ್ನ ಪಕ್ಕೆಗೆ ಒತ್ತಿದರು. ಬೆಚ್ಚಗಿನ, ಸುಕ್ಕಾದ ಕೈಗಳು. ರಾಗ ಬಂತು, ಸುತ್ತಿತು, ಎತ್ತರಕ್ಕೆ ಹೋಯಿತು, ಇಳಿಯಿತು. ಕೊನೆಯ ಅರ್ಧ ಸಾಲಿಗೆ ರೂತ್ ಬೆರಳು ಎತ್ತಿದಳು. ಒಳಗೆ ಮಂದ್ರದ ತಂತಿಗಳು ಇನ್ನೂ ನಡುಗುತ್ತಿದ್ದವು. ಅವು ನಿಲ್ಲುವವರೆಗೂ ಬಾಯಾರು ಕಣ್ಣು ಮುಚ್ಚಿಯೇ ಇದ್ದರು.

"ಮುಗೀತೇನವ್ವಾ?" ಎಂದರು.

ರೂತ್ ಅವರಿಗೆ ಕಾಣುವಂತೆ ಇಲ್ಲವೆಂದು ತಲೆಯಾಡಿಸಿ, ಎಡಗೈಯನ್ನು ಮೊದಲ ಸ್ವರದ ಮೇಲೆ ಇಳಿಸಿದಳು.