ಎರಡು ಪೆಟ್ಟಿಗೆಯ ಚಿಪ್ಪು

ಸತ್ತು ಲಕ್ಷಾಂತರ ವರ್ಷವಾದ ಪ್ರಾಣಿಯೊಂದು ನನ್ನ ಸಂಸಾರದ ಬುಡ ಅಲ್ಲಾಡಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮ್ಯೂಸಿಯಂನ ಹಳೆಯ ಗ್ಯಾಲರಿಯಿಂದ ಹೊಸ ಗ್ಯಾಲರಿಗೆ ನಮ್ಮ ಗ್ಲಿಪ್ಟೊಡಾಂಟನ್ನು ಸಾಗಿಸುವಾಗ, ಸೊಂಟದ ಹತ್ತಿರ ಎಂಟು ಬಿಲ್ಲೆಗಳು ಕಳಚಿ ಬಿದ್ದವು.

ಈ ಗ್ಲಿಪ್ಟೊಡಾಂಟ್ ಎಂಬುದು ಕಾರಿನಷ್ಟು ದೊಡ್ಡ ಪ್ರಾಣಿ. ಬೆನ್ನ ಮೇಲೆ ಗುಮ್ಮಟದಂಥ ಚಿಪ್ಪು. ಸಾವಿರಕ್ಕೂ ಹೆಚ್ಚು ಮೂಳೆಯ ಬಿಲ್ಲೆಗಳು ಒತ್ತೊತ್ತಾಗಿ ಸೇರಿ ಆದ ಚಿಪ್ಪು ಅದು, ಪ್ರತಿ ಬಿಲ್ಲೆಯ ಮೇಲೂ ಹೂವಿನಂಥ ಕೆತ್ತನೆ. ಮರಿಗೆ ಹಾಲೂಡುವ ಜೀವವೊಂದು ಇಷ್ಟು ಭಾರ ಹೊತ್ತು ನಿಶ್ಚಿಂತೆಯಾಗಿ ಹುಲ್ಲು ಮೇಯುತ್ತಿತ್ತು ಎಂದು ನೆನೆದರೆ ಈಗಲೂ ನನ್ನ ಮೈ ಜುಂ ಎನ್ನುತ್ತದೆ.

ಆ ಚಿಪ್ಪನ್ನು ಇಪ್ಪತ್ತೆರಡು ವರ್ಷಗಳ ಹಿಂದೆ ಜೋಡಿಸಿದವನು ನಾನೇ. ಅದಕ್ಕೂ ಮೊದಲು ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದೆ. ಮ್ಯೂಸಿಯಂಗೆ ನೆಲ ಹಾಕಲು ಬಂದವನ ಕೈಚಳಕ ನೋಡಿ ಅಂದಿನ ನಿರ್ದೇಶಕರು ಮೂಳೆ ಕೆಲಸಕ್ಕೆ ಎಳೆದುಕೊಂಡರು. ನನ್ನ ಹೆಂಡತಿ ಆಗಿನ್ನೂ ನನ್ನ ಹೆಂಡತಿಯಲ್ಲ, ಅಳಿದುಹೋದ ಪ್ರಾಣಿಗಳನ್ನು ಕುಲವಾರು ವಿಂಗಡಿಸಲು ಹೊಸದಾಗಿ ಸೇರಿದ್ದ ಡಾಕ್ಟರಮ್ಮ. ನಾನು ಮೊದಲ ದಿನವೇ, "ಇದು ಚಿಪ್ಪುಹಂದಿ ಜಾತಿನಾ ಮೇಡಂ?" ಎಂದು ಕೇಳಿ ಬೈಸಿಕೊಂಡಿದ್ದೆ.

"ಇಬ್ಬರು ಹೆಲ್ಮೆಟ್ ಹಾಕ್ಕೊಂಡ್ರೆ ಅಣ್ಣತಮ್ಮ ಆಗ್ಬಿಡ್ತಾರಾ? ಇದು ಆರ್ಮಡಿಲೊ ಅನ್ನೋ ಇನ್ನೊಂದು ಚಿಪ್ಪಿನ ಪ್ರಾಣಿಯ ಸಂಬಂಧಿ ಕಣ್ರೀ. ಮೊಣಕಾಲೆತ್ತರ ಬರದ ಆ ಪುಟ್ಟ ಪ್ರಾಣಿಯ ಮನೆತನದಲ್ಲೇ ಈ ದೈತ್ಯ ಬೆಳೆದಿದ್ದು" ಎಂದಿದ್ದಳು.

ಅವಳಿಗೆ ಹೆಸರು ತಂದದ್ದು ನಮ್ಮ ಚಿಪ್ಪೇ. ಒಂದು ಕುಲದ ಬಿಲ್ಲೆಯಲ್ಲಿ ನಡುವೆ ದೊಡ್ಡ ವೃತ್ತ, ಸುತ್ತ ಸಣ್ಣ ಎಸಳು. ಇನ್ನೊಂದು ಕುಲದಲ್ಲಿ ವೃತ್ತವೂ ಎಸಳೂ ಸರಿಸಮ. ನಮ್ಮದರಲ್ಲಿ ಎರಡೂ ಬೆರೆತಿದ್ದವು. ತಲೆಬುರುಡೆ, ಹಲ್ಲು ಏನೂ ಸಿಕ್ಕಿರಲಿಲ್ಲ. ಎರಡು ಕುಲಗಳು ಕವಲೊಡೆಯುವ ಮೊದಲಿನ ನಡುವಿನ ಪ್ರಾಣಿ ಇದು ಎಂದು ಅವಳು ಬರೆದಳು. ಹೊಸ ಜಾತಿಗೆ ನನ್ನ ಹೆಸರನ್ನೇ ಇಟ್ಟಳು. ಮದುವೆ ಆಮೇಲಿನ ಮಾತು.

ಬಿದ್ದ ಬಿಲ್ಲೆಗಳನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಕಾಣದ ಬದಿ ತಾನೇ ಎಂದು ಹಿಂಬದಿಯ ಮಣ್ಣನ್ನು ನಾನು ಅಂದು ಪೂರ್ತಿ ತೆಗೆದಿರಲಿಲ್ಲ. ಐದರ ಹಿಂದೆ ಬೂದು ಜೇಡಿ, ಮೂರರ ಹಿಂದೆ ಕೆಂಪು ಮರಳು. ತಿರುಗಿಸಿ ನೋಡಿದೆ. ಕೆಂಪು ಮಣ್ಣಿನವೆಲ್ಲ ದೊಡ್ಡ ವೃತ್ತದವು, ಬೂದು ಮಣ್ಣಿನವೆಲ್ಲ ಸರಿಸಮದವು.

ಎರಡು ಮಣ್ಣು ಎಂದರೆ ಎರಡು ಪದರ, ಎರಡು ಕಾಲ, ಎರಡು ಪ್ರಾಣಿ. ಅಂದು ಕಡಲಾಚೆಯ ಒಂದೇ ನದಿದಂಡೆಯಿಂದ ಎರಡು ಪೆಟ್ಟಿಗೆ ಬಂದಿದ್ದವು. ಟೈಲ್ಸ್ ಹಾಕುವವನು ಒಂದೊಂದೇ ಪೆಟ್ಟಿಗೆ ಖಾಲಿ ಮಾಡುವುದಿಲ್ಲ, ಪೆಟ್ಟಿಗೆಗೊಂದು ಛಾಯೆ ಇರುವುದರಿಂದ ನೆಲದ ಮೇಲೆ ಬಣ್ಣದ ಪಟ್ಟೆ ಬೀಳುತ್ತದೆ. ಎಲ್ಲ ಪೆಟ್ಟಿಗೆ ತೆರೆದು ಕಲಸಿಕೊಂಡೇ ಹಾಕುವುದು. ನಾನೂ ಕಲಸಿದ್ದೆ. ಹತ್ತು ಲಕ್ಷ ವರ್ಷ ಅಂತರದ ಎರಡು ಪ್ರಾಣಿಗಳನ್ನು ಒಂದೇ ಮಧ್ಯಾಹ್ನ ಒಂದು ರಾಶಿ ಮಾಡಿ, ತಿಂಗಳುಗಟ್ಟಲೆ ಜೋಡಿಸಿ, ಮೇಲೆ ಅರಗು ಬಳಿದು, ಭೇಷ್ ಅನ್ನಿಸಿಕೊಂಡಿದ್ದೆ.

ಬಾಯಿ ಮುಚ್ಚಿಕೊಂಡು ಮತ್ತೆ ಅಂಟಿಸಿಬಿಡಬಹುದಿತ್ತು. ಸುಳ್ಳೇಕೆ, ಅಂಟಿನ ಡಬ್ಬಿ ಕೈಗೆ ತೆಗೆದುಕೊಂಡೂ ಇದ್ದೆ. ಆದರೆ ಅವಳ ಇಪ್ಪತ್ತೆರಡು ವರ್ಷದ ಮರ್ಯಾದೆ ನನ್ನ ಸುಳ್ಳಿನ ಮೇಲೆ ನಿಲ್ಲುವುದು ನನಗೆ ಸಹಿಸಲಾಗಲಿಲ್ಲ. ಹೋಗಿ ಕರೆದುಕೊಂಡು ಬಂದೆ.

ಅವಳು ನೋಡಿದಳು. ಟಾರ್ಚ್ ಹಿಡಿದು ಚಿಪ್ಪಿನೊಳಗೆ ನುಗ್ಗಿ, ಗಂಟೆಗಟ್ಟಲೆ ಬೆನ್ನ ಮೇಲೆ ಮಲಗಿ ಒಳಗಿನ ಅಂಟನ್ನು ಅಲ್ಲಲ್ಲಿ ಕೆರೆದು ನೋಡಿದಳು. ಹೊರಬಂದಾಗ ಕೂದಲೆಲ್ಲ ಧೂಳು.

"ಯಾಕ್ರೀ ಕಲಸಿದ್ರಿ?"

"ಪಟ್ಟೆ ಬೀಳಬಾರದು ಅಂತ."

"ನನ್ನ ಬಾಳನ್ನೇ ನೆಲಕ್ಕೆ ಹಾಸಿಬಿಟ್ರಲ್ಲ!" ಎಂದು ಕೂಗಿ ಎದ್ದುಹೋದಳು. ಎರಡು ದಿನ ಮನೆಯಲ್ಲಿ ತಡರಾತ್ರಿಯವರೆಗೂ ಏನೋ ಬರೆಯುತ್ತಾ ಕೂತಿದ್ದಳು. ಮೂರನೆಯ ದಿನ ವಿಷಯ ತಿಳಿದ ಈಗಿನ ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು. ವಾರದಲ್ಲಿ ಉದ್ಘಾಟನೆ, ಹೊಸ ಗೋಡೆಯ ಮೇಲೆ ವಂಶವೃಕ್ಷ ಬರೆಸಿಯಾಗಿತ್ತು, ನಡುವಿನ ಕೊಂಬೆಯಲ್ಲಿ ಅವಳ ಪ್ರಾಣಿ.

"ಚಿಪ್ಪಿನ ಒಳಗೆ ಯಾರು ಇಣುಕ್ತಾರೆ ಡಾಕ್ಟ್ರೇ? ಉದ್ಘಾಟನೆ ಮುಗೀಲಿ, ಆಮೇಲೆ ನಿಧಾನಕ್ಕೆ ನೋಡೋಣ" ಎಂದರು.

"ಆ ಪ್ರಾಣಿ ಇರಲೇ ಇಲ್ಲ ಸರ್. ಇಲ್ಲದ್ದನ್ನ ಜನಕ್ಕೆ ಒಂದು ದಿನವೂ ತೋರಿಸಲ್ಲ" ಎಂದು ಹೇಳಿ ಅವರ ಮುಂದೆ ನಾಲ್ಕು ಹಾಳೆ ಇಟ್ಟಳು. ತನ್ನ ಜಾತಿಯನ್ನು ತಾನೇ ರದ್ದು ಮಾಡಿ ಬರೆದಿದ್ದಳು. ತಪ್ಪನ್ನು ಕಂಡುಹಿಡಿದವನು ಎಂದು ನನ್ನ ಹೆಸರಿತ್ತು. ತಪ್ಪು ಯಾರದು ಎಂಬ ಕಡೆ ಅವಳದು ಮಾತ್ರ ಇತ್ತು.

"ಇದು ಸುಳ್ಳು, ಕಲಸಿದವನು ನಾನು" ಎಂದೆ.

"ನೀವು ಕಲಸಿದ್ರಿ. ಒಂದು ಬಿಲ್ಲೇನೂ ತಿರುಗಿಸಿ ನೋಡದೆ ಹೆಸರಿಟ್ಟವಳು ನಾನು. ನೋಡೋದೇ ನನ್ನ ಕೆಲಸ ಅಲ್ವಾ?"

ಗೋಡೆಯನ್ನು ತಿದ್ದಲು ಪೇಂಟರ್ ಏಣಿ ತಂದ. ಅವಳು ಅವನ ಕೈಯಿಂದ ಕುಂಚ ಇಸಿದುಕೊಂಡು ತಾನೇ ಹತ್ತಿದಳು. ನಾನು ಏಣಿ ಹಿಡಿದು ನಿಂತೆ. ಕೊಂಬೆಯ ಮೇಲೆ ಬಿಳಿ ಬಣ್ಣ ಬಳಿದಳು. ನನ್ನ ಹೆಸರಿನ ಮೇಲೆ ಒಂದೊಂದೇ ಅಕ್ಷರವಾಗಿ ಬಳಿಯುತ್ತಾ ಬಂದವಳ ಕೈ ಅರ್ಧಕ್ಕೆ ನಿಂತಿತು. ತಲೆಯೆತ್ತಿದೆ. ಅವಳ ಕೆನ್ನೆ ಒದ್ದೆಯಾಗಿತ್ತು.

"ಇಳಿದು ಬಾ. ಉಳಿದದ್ದು ಪೇಂಟರ್ ಮಾಡ್ತಾನೆ" ಎಂದೆ.

"ಬೇಡ" ಎಂದು ಕೊನೆಯ ಅಕ್ಷರದವರೆಗೂ ಅವಳೇ ಅಳಿಸಿದಳು. ಬದುಕಿನಲ್ಲಿ ದೊಡ್ಡ ದೊಡ್ಡ ಪ್ರಾಣಿಗಳ ಮೂಳೆ ಮುಟ್ಟಿದ್ದೇನೆ, ಇಂಥ ಗಟ್ಟಿ ಜೀವವನ್ನು ಕಂಡಿಲ್ಲ.

ಕೆಳಗಿಳಿದು ಮೂಗು ಒರೆಸಿಕೊಂಡಳು. "ಬಿಚ್ಚಿ ಎರಡು ಮಾಡೋಕೆ ಎಷ್ಟು ದಿನ ಬೇಕು?"

"ಆರು ತಿಂಗಳಾದ್ರೂ ಬೇಕು."

"ನಾನೂ ಪಕ್ಕದಲ್ಲಿ ಕೂರ್ತೀನಿ. ನೀವು ಬಿಚ್ಚಿ, ನಾನು ತಿರುಗಿಸಿ ನೋಡ್ತೀನಿ" ಎಂದಳು.

ನಾನು ಹೋಗಿ ನನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದೆ.