ಜೀಪಿನಿಂದ ಬಿಚ್ಚಿಟ್ಟದ್ದು

ಕೋಳಿಗೂಡಿನ ಬಾಗಿಲಿನ ಎರಡನೇ ಬೋಲ್ಟು ಬಿಚ್ಚುವಷ್ಟರಲ್ಲಿ ಮೂರು ಕೋಳಿಗಳು ಹೊರಗೆ ಬಂದಿದ್ದವು. ದಿಲೀಪ್ ಮೊಣಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು ಸ್ಪ್ಯಾನರ್ ತಿರುಗಿಸುತ್ತಿದ್ದ. ಅವನ ತಾಯಿ ಸಾವಿತ್ರಮ್ಮ ಮಂಕರಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನೋಡುತ್ತಿದ್ದದ್ದು ಕೋಳಿಗಳನ್ನಲ್ಲ, ಮಗನನ್ನು.

"ರಾತ್ರಿಗೆ ಇದಕ್ಕೆ ಎಂತ ಬಾಗಿಲು?"

"ಹಲಗೆ ಹೊಡೀತೇನೆ."

"ಕಾಡುಬೆಕ್ಕು ಬಂದ್ರೆ ನೀನೇ ಕೂತು ಕಾಯಿ."

ಬಾಗಿಲು ಕೈಗೆ ಬಂತು. ಅದು ಜೀಪಿನ ಹಿಂಬಾಗಿಲು. ಹೊರಮೈಗೆ ಹಿಕ್ಕೆ ಮೆತ್ತಿತ್ತು, ಒಳಮೈಯಲ್ಲಿ ತಗಡಿನ ಚೀಟಿಯೊಂದು ತಂತಿಯಿಂದ ಇನ್ನೂ ನೇತಾಡುತ್ತಿತ್ತು. ನರ್ಸರಿಯ ಗಿಡಗಳಿಗೆ ಕಟ್ಟುವಂಥ ಚೀಟಿ. ಅದರ ಮೇಲೆ ಮೊಳೆಯಲ್ಲಿ ಕೊರೆದ ಅಕ್ಷರ ಅವನದೇ: ಹಿಂಬಾಗಿಲು, ಬಿಚ್ಚಿದ್ದು ೧೪-೬-೨೧.

ಜೀಪು ಅವನ ತಂದೆ ದೇವರಾಜರು ಮದುವೆಯಾದ ವರ್ಷ ತೆಗೆದುಕೊಂಡದ್ದು. ದಿಲೀಪನ ಕೈಗೆ ಬಂದ ಮೇಲೆ ಅದರ ಬಂಪರ್, ಸೀಟು, ರಿಮ್ಮು, ಲೈಟು, ಸ್ಟೇರಿಂಗು ಎಲ್ಲವೂ ಒಂದೊಂದಾಗಿ ಬದಲಾದವು. ಅವನು ಅದನ್ನು ಮೂಡಿಗೆರೆ ಕಡೆಯ ಆಫ್‌ರೋಡ್ ರ‍್ಯಾಲಿಗಳಿಗೆ ಒಯ್ಯುತ್ತಿದ್ದ. ಆದರೆ ತೆಗೆದ ಯಾವುದನ್ನೂ ಅವನು ಎಸೆಯಲಿಲ್ಲ. ಡೀಸೆಲ್ಲಿನಲ್ಲಿ ತೊಳೆದು, ಗ್ರೀಸು ಸವರಿ, ಬಟ್ಟೆ ಸುತ್ತಿ, ಚೀಟಿ ಕಟ್ಟಿ ಇಟ್ಟ. ಗೆಳೆಯರು ನಗುತ್ತಿದ್ದರು. ಅವನ ವಾದ ಸರಳವಾಗಿತ್ತು. ಹೊಸದಾಗಿ ಹಾಕಿಸಿದ್ದಕ್ಕೆ ಕೊಳ್ಳುವವನು ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. ಹಳೆಯದು ಇದ್ದರೆ ಕೊಡುತ್ತಾನೆ, ಏಕೆಂದರೆ ಅದನ್ನು ಈಗ ಯಾರೂ ಮಾಡುವುದಿಲ್ಲ. ಈ ವಿಷಯದಲ್ಲಿ ಅವನು ತಪ್ಪಿರಲಿಲ್ಲ.

ತಪ್ಪಿದ್ದು ಇಟ್ಟ ಜಾಗದಲ್ಲಿ. ಅವರ ಊರು ಸಂಸೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯದ ಜಾಗವೆಂದರೆ ಕಾಫಿ ಸ್ಟೋರು ಮಾತ್ರ. ನೆಲದಿಂದ ಎತ್ತರಿಸಿದ ಹಲಗೆ, ಬಿರುಕಿಲ್ಲದ ಬಾಗಿಲು. ಅವನು ಎಲ್ಲವನ್ನೂ ಅದರ ಅಟ್ಟದ ಮೇಲೆ ಜೋಡಿಸಿದ. ಎರಡು ವರ್ಷ ಏನೂ ಆಗಲಿಲ್ಲ, ಏಕೆಂದರೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ, ಮಾರ್ಚಿನೊಳಗೆ ಮಾರಿ ಹೋಗುತ್ತಿತ್ತು. ಹೋದ ವರ್ಷ ಮಾತ್ರ ರೇಟು ಏರುತ್ತಲೇ ಇತ್ತು, ಇನ್ನೂ ಏರಲಿ ಎಂದು ಊರಿನವರೆಲ್ಲ ಕಾಫಿ ತಡೆದಿಟ್ಟರು. ದೇವರಾಜರೂ ನಲವತ್ತು ಮೂಟೆ ತಡೆದಿಟ್ಟರು. ಮಳೆಗೆ ಮುಚ್ಚಿದ ಬಾಗಿಲ ಹಿಂದೆ, ಡೀಸೆಲ್ ಬಟ್ಟೆಗಳ ಕೆಳಗೆ, ಆ ಮೂಟೆಗಳು ಆಗಸ್ಟಿನವರೆಗೆ ಇದ್ದವು.

ಕಾಫಿ ಕೊಳ್ಳುವ ಕ್ಯೂರಿಂಗ್ ಕಾರ್ಖಾನೆಯಿಂದ ಬಂದವನು ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಗಿನ ಬಳಿ ತಂದ, ಮತ್ತೆ ಬಹಳ ಹೊತ್ತು ಇಳಿಸಲಿಲ್ಲ. ಕಾಫಿ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ಟೋರಿನಲ್ಲಿ ಒಂದು ಈರುಳ್ಳಿಯನ್ನೂ ಇಡಬಾರದೆಂದು ದಿಲೀಪನಿಗೆ ಆರನೇ ವಯಸ್ಸಿನಿಂದ ಗೊತ್ತು. ಅವನು ತುಕ್ಕಿನ ಬಗ್ಗೆ ಯೋಚಿಸಿದ್ದ, ಇದರ ಬಗ್ಗೆ ಯೋಚಿಸಿರಲಿಲ್ಲ.

ಕಾಫಿ ಅರ್ಧ ರೇಟಿಗೆ ಹೋಯಿತು. ದೇವರಾಜರು ಬೈಯಲಿಲ್ಲ. ಸಂಜೆಯೊಳಗೆ ಸ್ಟೋರಿನಲ್ಲಿ ಆ ಜೀಪಿನ ಒಂದು ಮೊಳೆಯೂ ಇರಕೂಡದು ಎಂದು ಹೆಂಡತಿಗೆ ಹೇಳಿದರು, ಮಗನಿಗಲ್ಲ. ಸಾವಿತ್ರಮ್ಮ ಎಲ್ಲವನ್ನೂ ಅಂಗಳಕ್ಕೆ ಹಾಕಿಸಿದರು. ಬೇಕಾದವರು ಬೇಕಾದ್ದನ್ನು ಹೊತ್ತುಕೊಂಡು ಹೋದರು. ಬೇಡ ಎನ್ನಲು ಹೊರಗೆ ಬರುವಷ್ಟು ಮುಖ ದಿಲೀಪನಿಗಿರಲಿಲ್ಲ. ಅಂದಿನಿಂದ ದೇವರಾಜರು ಪ್ರತಿ ಬೆಳಿಗ್ಗೆ ಕಾಫಿಯ ಲೋಟವನ್ನು ಮೂಸಿ ನೋಡಿಯೇ ಕುಡಿಯುತ್ತಾರೆ. ಪುಡಿ ಕಳಸದ ಅಂಗಡಿಯಿಂದ ಬಂದದ್ದಾದರೂ ಸರಿ.

ಈಗ ಜೀಪಿಗೆ ಗಿರಾಕಿ ಸಿಕ್ಕಿದ್ದ. ಬಸವಪ್ರಸಾದ್, ಚಿಕ್ಕಮಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯವರು, ಹಳೆಯ ಗಾಡಿಗಳ ಹುಚ್ಚಿನವರು. ಫೋನಿನಲ್ಲೇ ಎರಡು ಬೆಲೆ ಹೇಳಿದರು: ಈಗಿರುವ ಹಾಗೆ ಎರಡೂವರೆ ಲಕ್ಷ, ಕಂಪನಿಯಿಂದ ಬಂದ ಹಾಗೆ ಇದ್ದರೆ ಐದು. ತೆಗೆದದ್ದೆಲ್ಲ ಇದೆಯಾ ಎಂದು ಕೇಳಿದಾಗ ದಿಲೀಪ್ ಎಲ್ಲ ಇದೆ ಎಂದ. ಪೂರ್ತಿ ಸುಳ್ಳಲ್ಲ. ಎಲ್ಲವೂ ಒಂದು ಮೈಲಿಯೊಳಗೆ ಎಲ್ಲೋ ಇದ್ದವು. ಎರಡು ಬೆಲೆಗಳ ನಡುವಿನ ಅಂತರ ಆ ನಲವತ್ತು ಮೂಟೆಯಲ್ಲಿ ಹೋದದ್ದಕ್ಕೆ ಹತ್ತಿರ ಹತ್ತಿರ ಸಮನಾಗಿತ್ತು. ಅದನ್ನು ಅವನು ತಂದೆಗೆ ಹೇಳಿದ. ದೇವರಾಜರು ಪೇಪರು ಕೆಳಗಿಳಿಸಿ, "ನೋಡು" ಎಂದರು. ಏಳು ತಿಂಗಳಲ್ಲಿ ಅವನಿಗೇ ಎಂದು ಹೇಳಿದ ಮೊದಲ ಮಾತು.

ಒಟ್ಟುಮಾಡಲು ಎರಡು ದಿನ ಹಿಡಿಯಿತು. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಬೆಂಚಾಗಿದ್ದ ಮುಂದಿನ ಸೀಟುಗಳಿಗೆ ಬದಲಾಗಿ ರ‍್ಯಾಲಿಯ ಸೀಟುಗಳನ್ನು ಕೊಟ್ಟ. ಬಂಪರು ಚರಂಡಿ ದಾಟುವ ಸಂಕವಾಗಿತ್ತು. ರಿಮ್ಮುಗಳು ಅವನ ಮನೆಯದೇ ಕಾಫಿ ಒಣಗಿಸುವ ಕಣದಲ್ಲಿ, ಟಾರ್ಪಾಲು ಹಾರದಂತೆ ಕೂತಿದ್ದವು. ಹೆಡ್‌ಲೈಟಿನ ಬಳೆಗಳಲ್ಲಿ ದೇವರ ಫೋಟೊ ಕೂರಿಸಿದ್ದವನು ತೋಟದ ಮೇಸ್ತ್ರಿ ಭೂತಯ್ಯ. ಕೇಳುವ ಮೊದಲೇ ಬಿಚ್ಚಿ, ಒರೆಸಿ ಕೊಟ್ಟ. ಹಿಂಬಾಗಿಲು ಕೊನೆಯದರ ಹಿಂದಿನದು.

ಕೊನೆಯದು ಸ್ಟೇರಿಂಗು. ಅದು ಎಲ್ಲಿದೆಯೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅದಕ್ಕೇ ಕೊನೆಗೆ ಉಳಿಸಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಬಸವಪ್ರಸಾದ್ ಒಂದು ಲಾರಿಯ ಜೊತೆ ಬಂದರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೀಟಿ ಓದಿದರು, ಹಿಂಬಾಗಿಲನ್ನು ಮೂಸಿ ನೋಡಿ ನಕ್ಕರು. ಕೊನೆಗೆ ಸ್ಟೇರಿಂಗು ಎಲ್ಲಿ ಎಂದರು. ಅದೊಂದನ್ನು ಬಿಟ್ಟು ತೆಗೆದುಕೊಳ್ಳಬಹುದಲ್ಲ ಎಂದು ದಿಲೀಪ್ ಕೇಳಿದ.

"ನೋಡಿ, ಗಾಡಿ ಓಡಿಸೋವಾಗ ಕೈಯಲ್ಲಿ ಇರೋದು ಅದೊಂದೇ. ಅದಿಲ್ಲದಿದ್ರೆ ನನ್ನ ಲೆಕ್ಕದಲ್ಲಿ ಇದು ಎರಡೂವರೆಯ ಜೀಪು."

ದಿಲೀಪ್ ಸ್ಪ್ಯಾನರನ್ನೂ, ಜೀಪಿನಿಂದ ಆಗಲೇ ಬಿಚ್ಚಿದ್ದ ರ‍್ಯಾಲಿಯ ಸ್ಟೇರಿಂಗನ್ನೂ ತೆಗೆದುಕೊಂಡು, ಅವರನ್ನು ನೀರಿನ ತೊಟ್ಟಿಯ ಕಡೆಗೆ ಕರೆದೊಯ್ದ.

ತೊಟ್ಟಿ ಏರಿನ ಮೇಲಿತ್ತು, ಎರಡು ತೋಟಗಳ ನಡುವೆ. ಕೆಳಗಿನ ಎರಡು ಎಕರೆ ರೋಬಸ್ಟಾ ಅವನ ಅತ್ತೆ ತುಂಗಮ್ಮನವರದು, ಅಂದರೆ ದೇವರಾಜರ ಅಕ್ಕನದು. ಮಳೆ ಬಾರದಿದ್ದರೆ ಮೊಗ್ಗು ತಯಾರಾದ ವಾರದಲ್ಲೇ ಅದಕ್ಕೆ ಸ್ಪ್ರಿಂಕ್ಲರ್ ನೀರು ಬೀಳಬೇಕು. ವಾಲ್ವಿನ ಕಬ್ಬಿಣದ ಚಕ್ರ ಚಿಕ್ಕದು, ಬಿಗಿ. ಮಣಿಕಟ್ಟು ಮುರಿದ ಮೇಲೆ ಅದು ತುಂಗಮ್ಮನವರಿಂದ ತಿರುಗುತ್ತಿರಲಿಲ್ಲ, ಮೇಲೆ ತಮ್ಮನ ಮನೆಗೆ ಹೇಳಿಕಳಿಸಬೇಕಿತ್ತು. ಹೋದ ವರ್ಷ ಮಾರ್ಚಿನಲ್ಲಿ ಹಾಗೆ ಹೇಳಿಕಳಿಸಿದಾಗ ದೇವರಾಜರು ಮದುವೆಯೊಂದಕ್ಕೆಂದು ಹೊರನಾಡಿನಲ್ಲಿದ್ದರು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದ ದಿಲೀಪ್ ರಾತ್ರಿಯೇ ರ‍್ಯಾಲಿಗೆ ಹೊರಟು ಹೋದ. ನಾಲ್ಕು ದಿನ ಕಳೆದು ಬಂದಾಗ ಮೊಗ್ಗು ಗಿಡದಲ್ಲೇ ಕರಕಲಾಗಿತ್ತು. ಆಗಸ್ಟಿನಲ್ಲಿ ಅಂಗಳದ ಸಾಮಾನುಗಳ ನಡುವೆ ನಡೆದಾಡಿ ತುಂಗಮ್ಮ ಆರಿಸಿದ್ದು ಒಂದನ್ನೇ. ವೆಲ್ಡಿಂಗ್‌ನವನನ್ನು ಕಳಸದಿಂದ ಕರೆಸಿ, ವಾಲ್ವಿನ ಕಂಬಿಗೆ ಒಂದು ಬಿಲ್ಲೆ ಹಚ್ಚಿಸಿ, ಅದರ ಮೇಲೆ ಸ್ಟೇರಿಂಗು ಕೂರಿಸಿದರು. ನಡುವೆ ಒಂದೇ ನಟ್ಟು.

ಇವರು ಹೋದಾಗ ತುಂಗಮ್ಮ ಅದನ್ನು ತಿರುಗಿಸುತ್ತಿದ್ದರು. ದೊಡ್ಡ, ಸಪೂರವಾದ, ಕಪ್ಪು ಚಕ್ರ. ಎರಡೂ ಮೊಣಕೈ ಊರಿ, ಮೈಯ ಭಾರದಿಂದಲೇ ಎಳೆಯುತ್ತಿದ್ದರು. ದಿಲೀಪ್ ಬಂದ ವಿಷಯ ಹೇಳಿದ, ಕೈಯಲ್ಲಿದ್ದದ್ದನ್ನು ಮುಂದೆ ಹಿಡಿದ. ತುಂಗಮ್ಮ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಚಿಕ್ಕ ಚಕ್ರ, ದಪ್ಪ ಚರ್ಮದ ಹೊದಿಕೆ, ಕೆಂಪು ಹೊಲಿಗೆ.

"ಇದೆಂತ, ಮಕ್ಕಳ ಸೈಕಲ್ಲಿಂದಾ?"

"ಒಳ್ಳೇದು ಅತ್ತೆ. ಹನ್ನೆರಡು ಸಾವಿರದ್ದು."

ಅವರು ಅದನ್ನು ತಿರುಗಿ ಅವನ ಕೈಗೆ ಕೊಟ್ಟರು. ಬಸವಪ್ರಸಾದ್ ಚಪ್ಪಲಿ ಬಿಟ್ಟು ತೊಟ್ಟಿಯ ಕಟ್ಟೆ ಹತ್ತಿದರು. ಅಂಗಡಿಯವರ ಮೆತ್ತಗಿನ ದನಿಯಲ್ಲಿ ಮಾತಾಡಿದರು. ಮೊದಲು ತುಂಗಮ್ಮನ ಕೈಗೆ ಏನಾಯಿತೆಂದು ವಿಚಾರಿಸಿದರು.

"ಅಮ್ಮ, ನಾನು ಹೊಸ ವಾಲ್ವೇ ಹಾಕಿಸಿಕೊಡ್ತೀನಿ, ನನ್ನ ಅಂಗಡೀದೇ, ಹಿತ್ತಾಳೆದು. ಒಂದು ಬೆರಳಲ್ಲಿ ತಿರುಗುತ್ತೆ. ನಾಳೆ ಬೆಳಿಗ್ಗೆ ಜನ ಬರ್ತಾರೆ."

"ನಾಳೆ," ಎಂದರು ತುಂಗಮ್ಮ. ಆಮೇಲೆ ದಿಲೀಪನನ್ನು ನೋಡಿದರು.

ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಅತ್ತೆ, ಅಪ್ಪನ ಕಾಫಿ ಹಾಳಾದ್ದು ನನ್ನಿಂದ. ಅದನ್ನ ತುಂಬಿಕೊಡ್ಲಿಕ್ಕೆ ನನಗಿರೋದು ಇದೊಂದೇ."

"ಗೊತ್ತು ನಂಗೆ."

"ಹೊಸದು ಹಾಕೋವರೆಗೆ ನಾನೇ ಇಲ್ಲಿ ನಿಂತಿರ್ತೇನೆ. ರೆಂಚಲ್ಲಿ ನಾನೇ ತಿರುಗಿಸ್ತೇನೆ."

"ನೀನು ಆವತ್ತೂ ಬರ್ತೇನೆ ಅಂದಿದ್ದೆ ಮಾರಾಯ." ಸಿಟ್ಟಿರಲಿಲ್ಲ. ಅಂಗಡಿ ಯಾವ ದಿನ ರಜೆ ಎಂದು ಹೇಳುವಂತೆ ಹೇಳಿದರು.

ಅವರು ಮತ್ತೆ ಮೊಣಕೈ ಊರಿ ಚಕ್ರವನ್ನು ಅರ್ಧ ಸುತ್ತು ಎಳೆದರು. ಪೈಪಿನೊಳಗೆ ನೀರು ಇಳಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಕೆಳಗೆ, ಗಿಡಗಳ ಮೇಲೆ, ಮೊದಲ ಸ್ಪ್ರಿಂಕ್ಲರ್ ತಿರುಗತೊಡಗಿತು. ಬಸವಪ್ರಸಾದ್ ಬಗ್ಗಿ ಆ ನಟ್ಟನ್ನು ನೋಡುತ್ತಿದ್ದರು. ಹದಿನೈದು ಸಾವಿರ ಬೇರೆ ಕೊಡುತ್ತೇನೆ, ವಾಲ್ವಿನ ಮೇಲೆ, ಎಂದರು.

"ಬೇಡ," ಎಂದರು ತುಂಗಮ್ಮ, ಕೈ ತೆಗೆಯದೆ. "ದುಡ್ಡೂ ಬೇಡ, ಹಿತ್ತಾಳೇದೂ ಬೇಡ. ಇದನ್ನ ನಾನು ಕೊಡೋದಿಲ್ಲ."