ಮಾಳಿಗೆಯ ಮಣ್ಣು

೧೯೯೩ರ ಭೂಕಂಪದ ನಂತರ ಆಳಂದ ಸೀಮೆಯ ಹಳೆಯ ಕಲ್ಲುಮನೆಗಳನ್ನು ಪರೀಕ್ಷಿಸಲು ಹೋದ ಎಂಜಿನಿಯರ್ ನಾನು. ಸುಭದ್ರಾಬಾಯಿಯವರ ನೂರು ವರ್ಷದ ವಾಡೆಯಲ್ಲಿ ಬಿರುಕು ಕಂಡದ್ದೇ ತಡ, ಕೆಡವಬೇಕೆಂದು ಗೋಡೆಗೆ ಕೆಂಪು ಗುರುತು ಬಳಿದೆ.

ಊರಿನ ಮನೆ ಕಟ್ಟುವ ಗೌಂಡಿ ಸೈದಪ್ಪ ಸಿಟ್ಟಿನಿಂದ ಬಿರುಕಿನ ಗಿಲಾವು ಕೆತ್ತಿ ತೋರಿಸಿದ. “ನೋಡ್ರಿ ಸಾಹೇಬ್ರ, ಗೋಡಿ ಒಳಗಿಂದ ಹೊರಗಿನ ತನಕ ಒಂದೇ ಕಲ್ಲು. ಗೋಡಿ ಸೀಳಬಾರ್ದಂತ ನಾಕ್ ಹೆಜ್ಜಿಗೊಂದು ಹಿಂಗ ಕೂಡ್ಸ್ಯಾರ. ತಪ್ಪು ಗೋಡಿದಲ್ಲ, ಮ್ಯಾಲಿನ ಭಾರದ್ದು.”

ಕಟ್ಟಿದವನಿಗೆ ಮನಸ್ಸಿನಲ್ಲೇ ಕೈಮುಗಿದು, ಮಳೆ ಸೋರದಂತೆ ಮಣ್ಣು ಹೊದಿಸಿದ ಮಾಳಿಗೆ ಹತ್ತಿದೆ. ಅಗೆದರೆ ಮೂರು ಅಡಿ ಮಣ್ಣು!

“ಮಳಿಗಾಲಕ್ಕ ಮುಂಚೆ ಹಳೇದು ಕೆರದು ಹೊಸಾದು ಹಾಕು ಅಂತಿದ್ರು ನಮ್ಮತ್ತಿ,” ಎಂದರು ಸುಭದ್ರಾಬಾಯಿ. “ನಲವತ್ತು ವರ್ಷ ನಾ ಬರೇ ಹಾಕೇನಿ.”

ಎಪ್ಪತ್ತರ ಆಕೆ ತಾವೇ ಸಲಿಕೆ ಹಿಡಿದರು. ಮೊದಲ ಬುಟ್ಟಿ ಮಣ್ಣನ್ನು ಕೆಳಗಿಳಿಸಿ, ನೀರು ಹಾಕಿ ಕಲಸಿ, ನನ್ನ ಕೆಂಪು ಗುರುತಿನ ಮೇಲೆ ಮೆತ್ತಿದರು.